ಬಿಚ್ಚುವ ಮೊದಲು

ಕಳೆದ ಚಳಿಗಾಲದ ಒಂದು ಭಾನುವಾರ ಸಂಘದ ಕಾರ್ಯಕ್ರಮಕ್ಕೆಂದು ದ್ವಾರಕಾದಿಂದ ಸಂಸಾರಸಮೇತ ಹೊರಟಿದ್ದೆ. ರಾವ್ ತುಲಾ ರಾಮ್ ಮಾರ್ಗದ ಮೇಲ್ಸೇತುವೆ ಏರುತ್ತಿದ್ದಂತೆ, ಒಳಗೆ ಯಾರೋ ಸುತ್ತಿಗೆಯಿಂದ ಬಡಿಯುತ್ತಿರುವರೋ ಎಂಬಂತೆ ಟಕ್ ಟಕ್ ಸದ್ದು. ಆಯಿಲಿನ ಕೆಂಪು ದೀಪವೂ ಹೊತ್ತಿತು. ಎಂಜಿನ್ನು ನಿಲ್ಲಿಸಿದೆ. ಮನೆಯವರು ಆಟೋ ಹಿಡಿದು ಸಭೆಗೆ ಹೋದರು. ನಾನು ಗಾಡಿ ಎಳೆಯುವವನಿಗಾಗಿ ಕಾದು ನಿಂತೆ.

ಹಳೆಯ ಗಾಡಿ, ಹಣೆಬರಹ ಎಂದು ಸುಮ್ಮನಾಗುವಂತೆಯೂ ಇರಲಿಲ್ಲ. ಆ ಎಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟಿಸಿ ಮೂರು ತಿಂಗಳು ತುಂಬಿರಲಿಲ್ಲ. ಕೊಟ್ಟದ್ದು 62,000 ರೂಪಾಯಿ, ಅದೂ ಮಗಳ ಕಾಲೇಜಿನ ಫೀಜಿಗೆಂದು ಇಟ್ಟಿದ್ದ ಹಣದಿಂದ. ಬಿಲ್ಲಿನ ಕೆಳಗೆ ‘ಆರು ತಿಂಗಳು ಅಥವಾ 10,000 ಕಿಲೋಮೀಟರು, ಯಾವುದು ಮೊದಲೋ ಅದು’ ಎಂಬ ಗ್ಯಾರಂಟಿಯ ಮೊಹರು ಬಿದ್ದಿತ್ತು.

ಎಳೆಯುವವನು ಹತ್ತಿರದ ಒಂದು ಗ್ಯಾರೇಜಿಗೆ ತಂದು ಬಿಟ್ಟ. ಅಲ್ಲಿನ ಮೇಸ್ತ್ರಿ ಒಂದೇ ಕ್ಷಣ ಚಾಲೂ ಮಾಡಿಸಿ ಕಿವಿಗೊಟ್ಟು, “ಬೇರಿಂಗು ಹೋಗಿದೆ. ಮೊದಲು ಕಟ್ಟಿದವನು ಕೆಲಸ ಕೆಡಿಸಿದ್ದಾನೆ. ಬಿಟ್ಟು ಹೋಗಿ, ಸಂಜೆಗೆ ಬಿಚ್ಚುತ್ತೇನೆ” ಎಂದ. ಮೊದಲನೆಯವನಿಗೆ ಫೋನು ಮಾಡಿದರೆ, “ಬೇರೆಯವರು ಕೈ ಹಚ್ಚಿದರೆ ಗ್ಯಾರಂಟಿ ಖತಮ್!” ಎಂಬ ಉತ್ತರ. ಇಬ್ಬರೂ ಒಳಗೆ ಏನಾಗಿದೆಯೆಂದು ನೋಡಿದವರಲ್ಲ. ತೀರ್ಪು ಮಾತ್ರ ಇಬ್ಬರದೂ ಸಿದ್ಧವಾಗಿತ್ತು.

ನಮ್ಮ ಸೊಸೈಟಿಯಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರಿದ್ದಾರೆ. ಮೋಟಾರು ವರ್ಕ್‌ಶಾಪಿನಲ್ಲಿಯೇ ಜೀವ ಸವೆಸಿದವರು. ಅವರಿಗೆ ಹೇಳಿದೆ. “ಬಿಚ್ಚಾಕ ಬಿಡಬ್ಯಾಡ್ರಿ,” ಎಂದರು. “ಒಬ್ಬರ ಕಣ್ಣ ಮುಂದ ಬಿಚ್ಚಿದ ಎಂಜಿನ್ನು ಇನ್ನೊಬ್ಬರ ಮುಂದ ಸಾಕ್ಷಿ ಹೇಳಂಗಿಲ್ಲ.”

ಅವರು ಹೇಳಿದಂತೆ ನಡೆದೆ. ಆಯಿಲ್ ಅಳೆಯುವ ಕಡ್ಡಿಯನ್ನು ಹೊರಗೆಳೆದು ಫೋಟೋ ತೆಗೆದೆ. ಆಯಿಲು ಗುರುತಿನವರೆಗೂ ಇತ್ತು. ‘ಆಯಿಲಿಲ್ಲದೆ ಓಡಿಸಿದಿರಿ’ ಎಂಬ ಮಾತಿಗೆ ಅಲ್ಲಿಗೇ ಬಾಗಿಲು ಮುಚ್ಚಿದಂತಾಯಿತು. ಕಿಲೋಮೀಟರಿನ ಲೆಕ್ಕ, ದಿನ, ಸದ್ದು ಕೇಳಿದ ಜಾಗ, ಗಾಡಿ ನಿಂತಿರುವ ವಿಳಾಸ ಇಷ್ಟನ್ನೂ ಬರೆದು ಮೊದಲನೆಯವನಿಗೆ ಕಳುಹಿಸಿ, ಮೂರು ದಿನದೊಳಗೆ ಬಂದು ನೋಡಬೇಕೆಂದೂ, ಬಾರದಿದ್ದರೆ ಫೋಟೋ ತೆಗೆಯುತ್ತ ಬಿಚ್ಚಿಸಿ ಹಳೆಯ ಭಾಗಗಳನ್ನು ಕಾಪಾಡಿ ಇಡುವೆನೆಂದೂ ತಿಳಿಸಿದೆ.

ಆ ಮೂರು ದಿನ ಕಾಯಿದೆ ಓದಿದೆ. 1986ರ ಗ್ರಾಹಕ ರಕ್ಷಣಾ ಕಾಯಿದೆಯ ಬದಲಿಗೆ ಬಂದ 2019ರ ಕಾಯಿದೆ 2020ರ ಜುಲೈಯಲ್ಲಿ ಜಾರಿಗೆ ಬಂದಿತು. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಗ್ಯಾರೇಜು ಎಲ್ಲಿದ್ದರೇನು, ದೂರುಗಾರ ವಾಸವಾಗಿರುವ ಊರಿನಲ್ಲಿಯೇ ಕೊಡಬಹುದೆಂಬುದು ಹೊಸ ಕಾಯಿದೆ ತಂದ ದೊಡ್ಡ ಉಪಕಾರ. ಮೊದಲು ವಿಚಾರಿಸಲು 1915 ಸಂಖ್ಯೆಯ ಸಹಾಯವಾಣಿಯುಂಟು. ಆದರೆ ದೋಷವಿತ್ತೆಂದು ತೋರಿಸಬೇಕಾದವರು ನಾವೇ. ಮೊದಲೇ ಬಿಚ್ಚಿ ಚೆಲ್ಲಾಡಿದ ಎಂಜಿನ್ನನ್ನು ಪರಿಣತನ ಮುಂದಿಟ್ಟರೆ ಅವನಾದರೂ ಏನು ಹೇಳಿಯಾನು?

ಕಂಪನಿಯ ವಾರಂಟಿ ಇನ್ನೂ ಮುಗಿಯದ ಗಾಡಿಗಳವರು ತಿಳಿಯಬೇಕಾದ ಇನ್ನೊಂದು ಸಂಗತಿಯಿದೆ. 2014ರ ಆಗಸ್ಟ್ 25ರಂದು ಭಾರತದ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ದಂಡ ಹಾಕಿತು. ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿಯನ್ನೇ ರದ್ದುಮಾಡುವಂತಿಲ್ಲ. ಹೊರಗಿನವನ ಕೆಟ್ಟ ಕೆಲಸದಿಂದ ಆದ ಹಾನಿಯಷ್ಟಕ್ಕೆ ಮಾತ್ರ ನಿರಾಕರಿಸಬಹುದು ಎಂದಿತು. ಕಂಪನಿಗಳು ಮೇಲ್ಮನವಿಗೆ ಹೋದವೆನ್ನಿ. ಆದರೂ ಆ ನ್ಯಾಯದ ತಿರುಳು ನನಗೆ ಹಿಡಿಸಿತು.

ಮೂರನೆಯ ದಿನ ಮೊದಲನೆಯವನು ಮುಖ ಗಂಟಿಕ್ಕಿಕೊಂಡೇ ಬಂದ. ಎಲ್ಲರೂ ನೋಡುತ್ತಿದ್ದಂತೆ ತಳದ ಆಯಿಲ್ ಚೇಂಬರನ್ನು ಕಳಚಿದರು. ಪಂಪಿಗೆ ಆಯಿಲು ಹೀರುವ ಜರಡಿಯ ತುಂಬ ರಬ್ಬರಿನಂಥ ತುಣುಕುಗಳು! ತಳ ಕೂಡಿಸುವಾಗ ಅಂಟನ್ನು ಮಿತಿಮೀರಿ ಬಳಿದರೆ ಹೆಚ್ಚಾದದ್ದು ಒಳಕ್ಕೆ ಉಬ್ಬಿ, ಒಣಗಿ, ಕಳಚಿ ಜರಡಿಯನ್ನು ಮುಚ್ಚುತ್ತದೆ. ಆಯಿಲಿದ್ದೂ ಬೇರಿಂಗಿಗೆ ಉಪವಾಸ.

ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, ಕ್ರ್ಯಾಂಕ್ ಶಾಫ್ಟನ್ನು ಅರೆದುಕೊಟ್ಟ ಲೇತಿನವನ ಮೇಲೆ ಹಾಕಲು ನೋಡಿದ. ಹಿರಿಯರು ಬಿಡಲಿಲ್ಲ. “ಲೇತಿನವ ಬಿಲ್ ಕೊಟ್ಟದ್ದು ನಿಮಗ, ಇವರಿಗಲ್ಲ” ಎಂದು ಹಿಂದಿಯಲ್ಲೂ ಕನ್ನಡದಲ್ಲೂ ಹೇಳಿದರು. ನಿಜವೇ. ಗ್ಯಾರೇಜಿಗೂ ಲೇತಿಗೂ ನಡುವಣದು ವ್ಯಾಪಾರದ ಕರಾರು. ಅದರ ಜಗಳ ಸಾಮಾನ್ಯವಾಗಿ ಗ್ರಾಹಕರ ಕಾಯಿದೆಗೆ ಸೇರುವುದೂ ಇಲ್ಲ. ನನ್ನ ಹಣ ಪಡೆದು ಮಾತು ಕೊಟ್ಟವನು ಗ್ಯಾರೇಜಿನವನು.

ಬೇರಿಂಗು, ಲೇತಿನ ಕೆಲಸ, ಕೂಲಿ ಅವನದು. ಹೊಸ ಆಯಿಲು, ಗಾಡಿ ಎಳೆಸಿದ ಖರ್ಚು ನನ್ನದು ಎಂದು ಒಪ್ಪಂದವಾಯಿತು. ಗ್ಯಾರಂಟಿಯನ್ನು ಆ ದಿನದಿಂದ ಹೊಸದಾಗಿ ಬರೆಸಿಕೊಂಡೆ.

ಎರಡನೆಯ ಮೇಸ್ತ್ರಿ ತನ್ನ ಕೂಲಿಯೆಂದು 800 ರೂಪಾಯಿ ಕೇಳಿದ. ಚೌಕಾಸಿ ಮಾಡಲಿಲ್ಲ. 1872ರ ಕರಾರು ಕಾಯಿದೆಯ 170ನೆಯ ಕಲಮಿನಂತೆ, ಕೈಕೆಲಸ ಮಾಡಿದವನು ಕೂಲಿ ಸಲ್ಲುವವರೆಗೂ ವಸ್ತುವನ್ನು ಇಟ್ಟುಕೊಳ್ಳಬಹುದು. ಅಲ್ಲದೆ, ಬಿಚ್ಚಬೇಡವೆಂದಾಗ ಮೂರು ದಿನ ಗಾಡಿಗೆ ಕೈ ಹಚ್ಚದೆ ಇದ್ದ ಮನುಷ್ಯ ಆತ. ಈಗ ಆಯಿಲು ಬದಲಿಸಲು ಅವನಲ್ಲಿಗೇ ಹೋಗುತ್ತೇನೆ.