ಗೆಡ್ಡೆಯ ಒಡಲಿಗೆ ಔಷಧ ಹೊರುವ ಬ್ಯಾಕ್ಟೀರಿಯಾ

ರಕ್ತನಾಳದ ಮೂಲಕ ಕೊಡುವ ಕೀಮೋಥೆರಪಿ ಔಷಧವು ದೇಹದ ತುಂಬ ಹರಡಿ, ಮೂಳೆಮಜ್ಜೆ, ಕರುಳಿನ ಒಳಪದರ, ಕೂದಲಿನ ಬುಡಗಳಿಗೆ ಹಾನಿ ಮಾಡುತ್ತದೆಯಾದರೂ ಕ್ಯಾನ್ಸರ್ ಗೆಡ್ಡೆಯ ಒಳಭಾಗವನ್ನು ಮಾತ್ರ ಸಾಕಷ್ಟು ಪ್ರಮಾಣದಲ್ಲಿ ತಲುಪುವುದಿಲ್ಲ. ವೇಗವಾಗಿ ಬೆಳೆಯುವ ಗೆಡ್ಡೆಯಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿಯಾಗಿ ಹುಟ್ಟುವುದರಿಂದ ಕೆಲವು ಭಾಗಗಳಿಗೆ ರಕ್ತ ಸರಿಯಾಗಿ ಹರಿಯದೆ ಆಮ್ಲಜನಕದ ಕೊರತೆ ಉಂಟಾಗುತ್ತದೆ. ಹೈಪಾಕ್ಸಿಯಾ ಎನ್ನಲಾಗುವ ಈ ಸ್ಥಿತಿಯಲ್ಲಿರುವ ಜೀವಕೋಶಗಳು ಔಷಧಕ್ಕಾಗಲಿ ವಿಕಿರಣಕ್ಕಾಗಲಿ ಸುಲಭವಾಗಿ ಬಗ್ಗುವುದಿಲ್ಲ.

ಔಷಧಕ್ಕೆ ದುರ್ಗಮವಾದ ಈ ಜಾಗವೇ ಕೆಲವು ಬ್ಯಾಕ್ಟೀರಿಯಾಗಳಿಗೆ ಹಿತವಾದ ನೆಲೆ. ಕೆನಡಾದ ಪಾಲಿಟೆಕ್ನಿಕ್ ಮಾಂಟ್ರಿಯಲ್ ಸಂಸ್ಥೆಯ ಸಿಲ್ವೇನ್ ಮಾರ್ಟೆಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಳಸಿದ್ದು ಎಂಸಿ-1 ಎಂಬ ಸಮುದ್ರದ ಬ್ಯಾಕ್ಟೀರಿಯಾವನ್ನು. ಇದರ ಒಡಲಲ್ಲಿ ಮ್ಯಾಗ್ನೆಟೋಸೋಮ್ ಎಂಬ ಅತಿಸೂಕ್ಷ್ಮ ಕಬ್ಬಿಣದ ಆಕ್ಸೈಡ್ ಹರಳುಗಳು ಸಾಲಾಗಿ ಜೋಡಿಸಿಕೊಂಡಿರುವುದರಿಂದ ಅದು ದಿಕ್ಸೂಚಿಯ ಮುಳ್ಳಿನಂತೆ ಕಾಂತಕ್ಷೇತ್ರಕ್ಕೆ ಅನುಗುಣವಾಗಿ ತಿರುಗುತ್ತದೆ, ಚಾವಟಿಯಂಥ ಎಳೆಗಳನ್ನು ತಿರುಗಿಸುತ್ತ ತಾನೇ ಈಜುತ್ತದೆ, ಆಮ್ಲಜನಕ ಶೇ. 0.5ರಷ್ಟು ಮಾತ್ರ ಇರುವ ಕಡೆಯನ್ನು ಹುಡುಕಿಕೊಂಡು ಹೋಗುತ್ತದೆ. ವಿಜ್ಞಾನಿಗಳು ಪ್ರತಿಯೊಂದು ಬ್ಯಾಕ್ಟೀರಿಯಾದ ಮೈಗೆ ಔಷಧ ತುಂಬಿದ ಸುಮಾರು 70 ಲಿಪೋಸೋಮ್‌ಗಳನ್ನು, ಅಂದರೆ ಕೊಬ್ಬಿನ ಪೊರೆಯ ಸೂಕ್ಷ್ಮ ಚೀಲಗಳನ್ನು, ಅಂಟಿಸಿ, ಮನುಷ್ಯರ ದೊಡ್ಡಕರುಳಿನ ಕ್ಯಾನ್ಸರನ್ನು ಬೆಳೆಸಿದ್ದ ಇಲಿಗಳಿಗೆ ಚುಚ್ಚಿದರು. ಹೊರಗಿನ ಕಾಂತಕ್ಷೇತ್ರ ಅವುಗಳನ್ನು ಗೆಡ್ಡೆಯತ್ತ ನಡೆಸಿತು, ಒಳಗೆ ಮುಂದಿನ ದಾರಿಯನ್ನು ಅವು ತಮ್ಮ ಸ್ವಭಾವದಿಂದಲೇ ಕಂಡುಕೊಂಡವು, ಶೇ. 55ರವರೆಗಿನ ಬ್ಯಾಕ್ಟೀರಿಯಾಗಳು ಆಮ್ಲಜನಕ ಕಡಿಮೆಯಿದ್ದ ಭಾಗಗಳನ್ನು ಹೊಕ್ಕವು. ಸೂಜಿಯನ್ನು ಚುಚ್ಚಿದ್ದು ಗೆಡ್ಡೆಯ ಪಕ್ಕದಲ್ಲೇ ಹೊರತು ದೂರದ ರಕ್ತನಾಳಕ್ಕಲ್ಲ ಎಂಬುದನ್ನು ಇವನ್ನು ಸೂಕ್ಷ್ಮ ರೋಬಾಟ್‌ಗಳೆಂದು ಕೊಂಡಾಡುವವರು ಮರೆಯಬಾರದು.

ಇಲಿಯಿಂದ ಮನುಷ್ಯನವರೆಗಿನ ದಾರಿ ಎಷ್ಟು ಕಠಿಣವೆಂಬುದಕ್ಕೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಅನುಭವವೇ ಸಾಕ್ಷಿ. ರೋಗಕಾರಕ ಗುಣವನ್ನು ಕುಗ್ಗಿಸಿದ ವಿಎನ್‌ಪಿ20009 ಎಂಬ ತಳಿಯು ಇಲಿಗಳ ಗೆಡ್ಡೆಗಳಲ್ಲಿ ಯಥೇಚ್ಛವಾಗಿ ನೆಲೆಸಿತ್ತು. ಆದರೆ 2002ರಲ್ಲಿ ಅಮೆರಿಕದಿಂದ ವರದಿಯಾದ ಪರೀಕ್ಷೆಯಲ್ಲಿ, ಚರ್ಮದ ಮೆಲನೋಮ ದೇಹದ ಇತರೆಡೆಗೆ ಹರಡಿದ್ದ 24 ರೋಗಿಗಳೂ ಸೇರಿದಂತೆ ಒಟ್ಟು 25 ಮಂದಿಗೆ ಅದನ್ನು ರಕ್ತನಾಳದ ಮೂಲಕ ಕೊಟ್ಟಾಗ, ಮೂವರ ಗೆಡ್ಡೆಗಳಲ್ಲಿ ಮಾತ್ರ ಅದು ಕಾಣಿಸಿತು, ಯಾರ ಗೆಡ್ಡೆಯೂ ಕುಗ್ಗಲಿಲ್ಲ. ಹೊರಗಿನಿಂದ ಬಂದ ಬ್ಯಾಕ್ಟೀರಿಯಾವನ್ನು ದೇಹದ ರೋಗನಿರೋಧಕ ವ್ಯವಸ್ಥೆ ಬೇಗನೆ ನಾಶ ಮಾಡುತ್ತದೆ, ನಾಶ ಮಾಡದಿದ್ದರೆ ಸೋಂಕಿನ ಭಯವಿರುತ್ತದೆ. ಈ ಎರಡರ ನಡುವಿನ ಹದವನ್ನು ಸಾಧಿಸುವುದೇ ಈ ವಿಧಾನದ ನಿಜವಾದ ಕಷ್ಟ.

ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಜೀವಂತ ಬ್ಯಾಕ್ಟೀರಿಯಾವೆಂದರೆ ಮೂತ್ರಕೋಶದ ಒಳಪದರದ ಕ್ಯಾನ್ಸರಿಗೆ ಕೊಡುವ ಬಿಸಿಜಿ. ಅದು ಯಾವ ಔಷಧವನ್ನೂ ಹೊರುವುದಿಲ್ಲ, ದೇಹದ ರೋಗನಿರೋಧಕ ಶಕ್ತಿಯನ್ನು ಕೆರಳಿಸಿ ಕೆಲಸ ಮಾಡುತ್ತದೆ.