ನಿಮಗಿದು ಗೊತ್ತೆ? ಲೆಗೊ ಮನೆತನದ ಮೂರನೇ ಕೋಟ್

ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಹಳ್ಳಿಯ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸೆನ್ ಮರದ ಆಟಿಕೆ ಮಾಡಲು ಶುರುಮಾಡಿದ್ದು 1932ರಲ್ಲಿ, ಆರ್ಥಿಕ ಕುಸಿತದಿಂದ ಕೆಲಸವೇ ಇಲ್ಲವಾದಾಗ. ಇಂದಿನ ಲೆಗೊ ಕಂಪನಿಯ ಮೂಲ ಅದೇ.

ಮಗ ಗಾಟ್‌ಫ್ರೆಡ್ ಒಮ್ಮೆ ಮರದ ಬಾತುಕೋಳಿಗಳಿಗೆ ಮೂರರ ಬದಲು ಎರಡೇ ಸಲ ವಾರ್ನಿಷ್ ಬಳಿದು ರೈಲ್ವೆ ಸ್ಟೇಷನ್ನಿಗೆ ಸಾಗಿಸಿ, ಖರ್ಚು ಉಳಿಸಿದೆನೆಂದು ಬೀಗಿದ. ಅಪ್ಪ ಮೆಚ್ಚಲಿಲ್ಲ. ಪೆಟ್ಟಿಗೆಗಳನ್ನು ವಾಪಸ್ ತಂದು ಮೂರನೇ ಕೋಟ್ ಬಳಿಯುವಂತೆ ಮಾಡಿದರು. ಅದೂ ಒಬ್ಬನೇ, ರಾತ್ರಿ ಕೂತು. ಕಂಪನಿ ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುವ ಕತೆ ಇದು.

ಮುಂದೆ ಲೆಗೊ ಮಾಡಿದ ಪ್ಲಾಸ್ಟಿಕ್ ಇಟ್ಟಿಗೆಯ ಕಲ್ಪನೆ ಮಾತ್ರ ಪೂರ್ತಿ ಸ್ವಂತದ್ದಲ್ಲ. ಬ್ರಿಟನ್ನಿನ ಕಿಡಿಕ್ರಾಫ್ಟ್ ಆಟಿಕೆಯಿಂದ ಬಂದದ್ದು. 1949ರ ಲೆಗೊ ಇಟ್ಟಿಗೆಗಳ ಹಿಡಿತವೂ ಸಡಿಲ. 1958ರಲ್ಲಿ ಅದೇ ಗಾಟ್‌ಫ್ರೆಡ್ ಒಳಗೆ ಟೊಳ್ಳು ಕೊಳವೆಗಳನ್ನಿಡುವ ವಿನ್ಯಾಸಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಮೇಲಿನ ಗುಬುಟುಗಳು ಕೊಳವೆಗಳ ನಡುವೆ ಬಿಗಿಯಾಗಿ ಸಿಕ್ಕಿಕೊಂಡವು. ಆ ವರ್ಷದ ಇಟ್ಟಿಗೆ ಇಂದಿನದಕ್ಕೂ ಸರಿಯಾಗಿ ಕೂರುತ್ತದೆ.

1960ರಲ್ಲಿ ಮರದ ಆಟಿಕೆಗಳ ಗೋದಾಮು ಸುಟ್ಟಾಗ ಮರದ ಕೆಲಸವನ್ನೇ ಕೈಬಿಟ್ಟರು.

ನಾಲ್ಕರಂತೆ ಎರಡು ಸಾಲು ಗುಬುಟುಗಳಿರುವ, ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ಬಗೆಯಲ್ಲಿ ಜೋಡಿಸಬಹುದು. ಕಂಪನಿ ಮೊದಲು ಹೇಳುತ್ತಿದ್ದದ್ದು ಬರೀ ಹತ್ತು ಕೋಟಿ ಚಿಲ್ಲರೆ; ಆರಂತಸ್ತಿನ ಗೋಪುರಗಳನ್ನಷ್ಟೇ ಲೆಕ್ಕಕ್ಕೆ ಹಿಡಿದಿತ್ತು!