ನಾಗಪುರದ ಎರಡು ಅಕ್ಟೋಬರ್

2004ರ ಅಕ್ಟೋಬರ್ 26. ನಾಗಪುರದ ವಿಸಿಎ ಮೈದಾನದಲ್ಲಿ ಹಸಿರು ಪಿಚ್, ಎದುರಿಗೆ ಆಸ್ಟ್ರೇಲಿಯಾ. ಎಡ ಮೊಣಕೈ ನೋವಿನಿಂದ ಬೆಂಗಳೂರು, ಚೆನ್ನೈ ಟೆಸ್ಟ್‌ಗಳಲ್ಲಿ ಆಡದಿದ್ದ ಸಚಿನ್ ತೆಂಡೂಲ್ಕರ್ ತಂಡಕ್ಕೆ ಮರಳಿದ್ದರು. ಗಂಗೂಲಿ ಹೊರಗುಳಿದದ್ದರಿಂದ ನಾಯಕತ್ವ ನಮ್ಮ ದ್ರಾವಿಡ್ ಹೆಗಲೇರಿತ್ತು. ಸಚಿನ್ ಗಳಿಸಿದ್ದು 8 ಮತ್ತು 2. ಭಾರತ 342 ರನ್‌ಗಳಿಂದ ಸೋತಿತು. ಆ ಸೋಲನ್ನು ಒಂದು ಮೊಣಕೈಗೆ ಕಟ್ಟುವುದು ಅನ್ಯಾಯ. ಆದರೆ ‘ಟೆನಿಸ್ ಎಲ್ಬೊ’ ಎಂಬ ಮಾತು ಹೋಟೆಲಿನ ಕಾಫಿ ಹರಟೆಯವರೆಗೂ ಬಂದದ್ದು ಆ ದಿನಗಳಲ್ಲೇ.

ನೋವಿನ ಜಾಗ ಮೊಣಕೈಯ ಹೊರಬದಿಯ ಮೂಳೆಯ ಉಬ್ಬು. ಮಣಿಕಟ್ಟನ್ನು ಮೇಲೆತ್ತುವ ಸ್ನಾಯುವನ್ನು ಅಲ್ಲಿ ಮೂಳೆಗೆ ಬಿಗಿದಿರುವುದು ಸ್ನಾಯುರಜ್ಜು. ಬಹುಕಾಲ ವೈದ್ಯರು ಇದನ್ನು ಉರಿಯೂತವೆಂದೇ ತಿಳಿದು ವಿಶ್ರಾಂತಿ, ಮಾತ್ರೆ, ಸ್ಟೆರಾಯ್ಡ್ ಚುಚ್ಚುಮದ್ದು ಬರೆದುಕೊಟ್ಟರು. ಅಮೆರಿಕದ ರಾಬರ್ಟ್ ನಿರ್ಷ್ಲ್ ರಜ್ಜುವನ್ನು ತೆರೆದು ನೋಡಿದಾಗ ಕಂಡದ್ದೇ ಬೇರೆ. ಉರಿಯೂತದ ಕೋಶಗಳ ಬದಲು, ಹಳೆಯ ಬಾವಿಹಗ್ಗದಂತೆ ಎಳೆ ಬಿಚ್ಚಿಕೊಂಡು ಹದಗೆಟ್ಟ ನಾರು. 1979ರಲ್ಲಿ ಅವರೂ ಪೆಟ್ರೋನ್ ಅವರೂ ಪ್ರಕಟಿಸಿದ ವರದಿಯಲ್ಲಿ ಇನ್ನೊಂದು ಮುಖ್ಯ ಅಂಶವಿದೆ: 1,213 ಪ್ರಕರಣಗಳಲ್ಲಿ ಕತ್ತರಿ ಹಿಡಿಯಬೇಕಾಗಿ ಬಂದದ್ದು 88 ಮೊಣಕೈಗಳಿಗೆ ಮಾತ್ರ.

ಚಿಕಿತ್ಸೆಯ ದಿಕ್ಕು ಬದಲಾದದ್ದು ಸ್ವೀಡನ್ನಿನ ಉಮಿಯೊದಲ್ಲಿ, ಹಿಮ್ಮಡಿಯ ರಜ್ಜುವಿನಿಂದ. ಹೋಕನ್ ಆಲ್ಫ್ರೆಡ್ಸನ್ ಎಂಬ ಮೂಳೆವೈದ್ಯರಿಗೆ ಸ್ವತಃ ಹಿಮ್ಮಡಿ ನೋವು. ಶಸ್ತ್ರಚಿಕಿತ್ಸೆ ಕೇಳಿದರೆ ಮೇಲಧಿಕಾರಿ ಒಪ್ಪಲಿಲ್ಲ. ಹರಿದುಹೋದರೆ ಒಪ್ಪಲೇಬೇಕಲ್ಲ ಎಂದು ನೋಯುವ ಕಾಲಿನ ಮೇಲೇ ಭಾರ ಹಾಕುತ್ತ ಹೋದರು. ರಜ್ಜು ಹರಿಯಲಿಲ್ಲ, ನೋವೇ ಹೋಯಿತು! ಮುಂದೆ 15 ಓಟಗಾರರಿಗೆ 12 ವಾರ ಅದೇ ವ್ಯಾಯಾಮ ಮಾಡಿಸಿದರು: ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಇಳಿಸುವುದು, ದಿನಕ್ಕೆರಡು ಹೊತ್ತು. ಎಲ್ಲರೂ ಓಟಕ್ಕೆ ಮರಳಿದ್ದನ್ನು 1998ರಲ್ಲಿ ಪ್ರಕಟಿಸಿದರು. ರಜ್ಜುವಿಗೆ ಬೇಕಾದದ್ದು ಹದವರಿತ ಭಾರ ಎಂಬ ತಿಳಿವಳಿಕೆ ಬೇರೂರಿದ್ದು ಆಮೇಲೆ.

ಇತ್ತ ಸಚಿನ್ 2004ರ ಡಿಸೆಂಬರ್‌ನಲ್ಲಿ ಢಾಕಾದಲ್ಲಿ ಅಜೇಯ 248 ಹೊಡೆದರು. ಆದರೂ ಮೊಣಕೈ ಬಿಡಲಿಲ್ಲ. ಬಿಡುವು ಕೊಟ್ಟರೆ ಶಾಂತವಾಗಿ, ಆಟ ಬಿರುಸಾದಂತೆ ಮತ್ತೆ ಕೆರಳುವುದು ಈ ನೋವಿನ ಸ್ವಭಾವ. 2005ರ ಮೇನಲ್ಲಿ ಲಂಡನ್‌ನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆ ಬಳಿಕ ಮಗನ ಪ್ಲಾಸ್ಟಿಕ್ ಬ್ಯಾಟ್ ಎತ್ತುವುದೂ ಕಷ್ಟವಾಗಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ತಿಂಗಳುಗಟ್ಟಲೆ ಕಾದು, ಅಕ್ಟೋಬರ್ 25ರಂದು ಶ್ರೀಲಂಕಾ ವಿರುದ್ಧದ ಏಕದಿನ ಪಂದ್ಯಕ್ಕೆ ಮರಳಿದಾಗ ಅದೇ ನಾಗಪುರ, ಅದೇ ಮೈದಾನ, ಅದೇ ದ್ರಾವಿಡ್ ನಾಯಕತ್ವ. ಈ ಸಲ 93 ರನ್. ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ 35ನೇ ಟೆಸ್ಟ್ ಶತಕ ಬಂತು, ಗಾವಸ್ಕರ್ ದಾಖಲೆ ಹಿಂದೆ ಬಿತ್ತು.

ಮರುವರ್ಷವೇ ಬ್ರಿಸ್ಬೇನ್‌ನಿಂದ ಬಂದ ಫಲಿತಾಂಶವನ್ನು ನಮ್ಮ ಪ್ರತಿ ಕೋಚ್ ಓದಬೇಕು. ಟೆನಿಸ್ ಎಲ್ಬೊ ಇದ್ದ 198 ಜನರಲ್ಲಿ ಸ್ಟೆರಾಯ್ಡ್ ಚುಚ್ಚಿಸಿಕೊಂಡವರು ಆರು ವಾರಕ್ಕೆ ಎಲ್ಲರಿಗಿಂತ ಮುಂದಿದ್ದರು. ಆದರೆ ಹಾಗೆ ಗುಣವಾದವರಲ್ಲಿ ಶೇ 72ರಷ್ಟು ಮಂದಿಗೆ ನೋವು ಮರುಕಳಿಸಿತು. ವರ್ಷದ ಕೊನೆಗೆ ವ್ಯಾಯಾಮ ಮಾಡಿದವರು, ಕೊನೆಗೆ ಸುಮ್ಮನೆ ಕಾದವರೂ ಅವರಿಗಿಂತ ಚೆನ್ನಾಗಿದ್ದರು. ಆಯ್ಕೆ ಟ್ರಯಲ್ಸ್ ಹತ್ತಿರ ಬಂದಾಗ ಹುಡುಗರು ಕೇಳುವುದು ಆ ಸೂಜಿಯನ್ನೇ. ಮಣಿಕಟ್ಟಿನ ಮೇಲೆ ಒತ್ತಡ ಹಾಕಿ ‘ಮೇಲೆತ್ತು’ ಎಂದಾಗ ಮೊಣಕೈ ಚುಳ್ ಎಂದರೆ, ಆಗಲೇ ಆಟ ತಗ್ಗಿಸಿ ಸಣ್ಣ ಡಂಬಲ್‌ನಿಂದ ವ್ಯಾಯಾಮ ಶುರುಮಾಡಿಸುವುದು ತಾಲ್ಲೂಕು ಮೈದಾನದಲ್ಲೂ ಸಾಧ್ಯ.